ಮಕ್ಕಳ ಜೊತೆ ಲುಕ್ಕಾ: ಕೋಟೆ ಮೇಲೆ ಸೈಕಲ್, ಗೋಪುರದ ತುದಿಯಲ್ಲಿ ಮರ

ಇಟಲಿಗೆ ಹೋಗುವ ನಮ್ಮವರ ಪಟ್ಟಿ ಸಾಮಾನ್ಯವಾಗಿ ಒಂದೇ ಇರುತ್ತದೆ. ರೋಮ್, ಫ್ಲಾರೆನ್ಸ್, ವೆನಿಸ್. ನಮ್ಮದೂ ಹಾಗೇ ಇತ್ತು. ಆಗ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಜೊತೆಗೆ ಅತ್ತೆ. ಫ್ಲಾರೆನ್ಸಿನಲ್ಲಿ ಎರಡನೇ ದಿನ, ಮೂರನೇ ಚರ್ಚಿನ ಬಾಗಿಲಿಗೆ ಬಂದಾಗ ಮಗ ಮೆಟ್ಟಿಲ ಮೇಲೆ ಕೂತುಬಿಟ್ಟ. "ಇನ್ನೊಂದು ದೇವಸ್ಥಾನ ಬೇಡಮ್ಮಾ" ಅಂದ. ಅತ್ತೆಯೂ ಅವನ ಪಕ್ಕ ಕೂತು ಚಪ್ಪಲಿ ಬಿಚ್ಚಿದರು. ಮಾರನೇ ದಿನ ಬೆಳಿಗ್ಗೆ ಲುಕ್ಕಾಗೆ ರೈಲು ಹತ್ತಿದೆವು. ಒಂದು ದಿನಕ್ಕೆ ಅಂತ ಹೋದವರು ಮೂರು ದಿನ ಉಳಿದೆವು.

ಲುಕ್ಕಾ ಟಸ್ಕನಿ ಪ್ರಾಂತ್ಯದ ಹಳೇ ಊರು. ಸುತ್ತಲೂ ಇಡಿಯಾಗಿ ಉಳಿದಿರುವ ಕೋಟೆ. ಒಳಗೆ ಕಾರುಗಳ ಕಾಟ ತೀರಾ ಕಡಿಮೆ. ಈ ತುದಿಯಿಂದ ಆ ತುದಿಗೆ ನಡೆದೇ ಹೋಗಬಹುದು. ಹತ್ತುವುದಕ್ಕೆ ಗೋಪುರ ಇದೆ, ಸುತ್ತುವುದಕ್ಕೆ ಗೋಡೆ ಇದೆ, ಕಲ್ಲಿನಲ್ಲಿ ಕೆತ್ತಿದ ಚಕ್ರವ್ಯೂಹ ಇದೆ, ದೆವ್ವದ ಕಥೆ ಇದೆ. ಮಕ್ಕಳು ಕಣ್ಣಿಗಿಂತ ಕೈಕಾಲಿನಿಂದ ನೋಡುವುದೇ ಜಾಸ್ತಿ ಅಲ್ವಾ? ಹಾಗೆ ನೋಡಲು ಈ ಊರಿಗಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. ಐದರಿಂದ ಹನ್ನೆರಡು ವರ್ಷದ ಮಕ್ಕಳಿರುವ ಮನೆಯವರು ಇಲ್ಲಿ ಎರಡು ಮೂರು ದಿನ ಹೇಗೆ ಕಳೆಯಬಹುದು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೊರಡುವ ಮೊದಲು

ಕಾಲ ನೋಡಿಕೊಳ್ಳಿ. ಏಪ್ರಿಲ್‌ನಿಂದ ಜೂನ್ ನಡುವೆ, ಇಲ್ಲವೇ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮೊದಲ ಭಾಗ ಚೆನ್ನಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಜೋರು, ಸಂಜೆ ಸೊಳ್ಳೆಯೂ ಜೋರು. ಅಕ್ಟೋಬರ್ ಕೊನೆ, ನವೆಂಬರ್ ಶುರುವಿನಲ್ಲಿ ಇಲ್ಲಿ ದೊಡ್ಡ ಕಾಮಿಕ್ಸ್ ಮೇಳ ನಡೆಯುತ್ತದೆ. ಬಗೆಬಗೆಯ ವೇಷ ಹಾಕಿದವರು ಬೀದಿ ತುಂಬ ಓಡಾಡುತ್ತಾರೆ. ದೊಡ್ಡ ಮಕ್ಕಳಿಗೆ ಹಬ್ಬವೇ ಸರಿ. ಆದರೆ ಜನ ಸಾಗರ, ರೂಮು ಸಿಗುವುದೇ ಕಷ್ಟ. ಚಿಕ್ಕ ಮಕ್ಕಳಿದ್ದರೆ ಆ ವಾರ ಬಿಟ್ಟುಬಿಡಿ. ಸೆಪ್ಟೆಂಬರ್ 13ರ ಸಂಜೆ ಊರಲ್ಲಿರುವ ಹಾಗೆ ಆಯಿತೋ, ಅದು ಅದೃಷ್ಟ. ಅವತ್ತು ಮನೆ, ಚರ್ಚುಗಳ ಮುಂಭಾಗದಲ್ಲೆಲ್ಲಾ ಸಾಲು ಸಾಲು ಪುಟ್ಟ ದೀಪ ಹಚ್ಚುತ್ತಾರೆ. ಸಾನ್ ಫ್ರೆದಿಯಾನೊ ಚರ್ಚಿನಿಂದ ದೊಡ್ಡ ಚರ್ಚಿನವರೆಗೆ ಮೆರವಣಿಗೆ ಹೋಗುತ್ತದೆ. ನಮ್ಮ ಮಕ್ಕಳಿಗೆ ಕಾರ್ತಿಕದ ದೀಪೋತ್ಸವ ನೆನಪಾಗದೆ ಇರದು.

ಇಲ್ಲಿಗೆ ಹತ್ತಿರದ ವಿಮಾನ ನಿಲ್ದಾಣ ಪೀಸಾ. ಪೀಸಾದಿಂದ ಲುಕ್ಕಾಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಫ್ಲಾರೆನ್ಸಿನಿಂದ ಒಂದೂಕಾಲು, ಒಂದೂವರೆ ಗಂಟೆ. ಇವು ಪ್ಯಾಸೆಂಜರ್ ಥರದ ರೈಲುಗಳು. ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡುವ ತಲೆನೋವಿಲ್ಲ. ನಾಲ್ಕು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಅದಕ್ಕಿಂತ ದೊಡ್ಡವರಿಗೆ ಹನ್ನೆರಡರ ತನಕ ಅರ್ಧ ದರ. ಒಂದು ಮಾತು ಮರೆಯಬೇಡಿ. ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನಲ್ಲಿರುವ ಪುಟ್ಟ ಯಂತ್ರದೊಳಗೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಇಲ್ಲದಿದ್ದರೆ ದಂಡ. ಆ ಕೆಲಸವನ್ನು ಮಕ್ಕಳಿಗೇ ಕೊಡಿ. ಟಿಕ್ ಅಂತ ಸದ್ದು ಬಂದರೆ ಅವರಿಗೆ ಖುಷಿ, ನಿಮಗೂ ಮರೆಯುವುದಿಲ್ಲ.

ಬಾಡಿಗೆ ಕಾರಿನಲ್ಲಿ ಬರುವವರು ಕಾರನ್ನು ಕೋಟೆಯ ಹೊರಗಿನ ಪಾರ್ಕಿಂಗ್‌ನಲ್ಲೇ ಬಿಡಿ. ಒಳಗೆ ಬಹುಪಾಲು ಬೀದಿಗಳಲ್ಲಿ ಹೊರಗಿನವರ ಗಾಡಿಗೆ ನಿಷೇಧ ಇದೆ. ಕ್ಯಾಮೆರಾ ನಂಬರ್ ಹಿಡಿಯುತ್ತದೆ. ದಂಡದ ಚೀಟಿ ಕೆಲವು ತಿಂಗಳ ಮೇಲೆ ಬೆಂಗಳೂರಿನ ಮನೆಗೇ ಬರಬಹುದು.

ಉಳಿದುಕೊಳ್ಳಲು ಕೋಟೆಯೊಳಗೆ, ಅಡುಗೆಮನೆ ಇರುವ ಪುಟ್ಟ ಅಪಾರ್ಟ್‌ಮೆಂಟ್ ನೋಡಿ. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ, ಮೆಟ್ಟಿಲು ಕಡಿದು. ಹಿರಿಯರು ಜೊತೆಗಿದ್ದರೆ ಬುಕ್ ಮಾಡುವ ಮೊದಲೇ ಎಷ್ಟನೇ ಮಹಡಿ ಅಂತ ಕೇಳಿ. ಅಡುಗೆಮನೆ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಊರೊಳಗೆ ನುಗ್ಗುವುದು

ರೈಲು ನಿಲ್ದಾಣ ಕೋಟೆಯ ತೆಂಕಣಕ್ಕೆ, ಹೊರಗಡೆ ಇದೆ. ಹೊರಬಂದು ರಸ್ತೆ ದಾಟಿದರೆ ಎದುರಿಗೇ ಹುಲ್ಲು ಬಯಲು, ಅದರಾಚೆ ಕೆಂಪು ಇಟ್ಟಿಗೆಯ ಗೋಡೆ. ಸೂಟ್‌ಕೇಸ್ ಇದ್ದರೆ ಎಡಗಡೆಯ ಸಾನ್ ಪಿಯೆತ್ರೊ ಬಾಗಿಲಿನಿಂದ ಹೋಗಿ. ಬಾಗಿಲ ಮೇಲೆ ಲಿಬೆರ್ತಾಸ್ ಅನ್ನುವ ಪದ ಕೆತ್ತಿದ್ದಾರೆ. ಸ್ವಾತಂತ್ರ್ಯ ಅಂತ ಅರ್ಥ. ಈ ಪುಟ್ಟ ಊರು ನೂರಾರು ವರ್ಷ ಯಾವ ದೊಡ್ಡ ದೊರೆಗೂ ಸೇರದೆ ತಾನೇ ಒಂದು ಗಣರಾಜ್ಯವಾಗಿತ್ತು. ಮಕ್ಕಳಿಗೆ ಅಷ್ಟು ಹೇಳಿದರೆ ಸಾಕು.

ಕೈಯಲ್ಲಿ ಭಾರ ಇಲ್ಲದಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಹುಲ್ಲಿನ ನಡುವಿನ ಕಾಲುದಾರಿ ಹಿಡಿದು ನೇರ ಸಾನ್ ಕೊಲೊಂಬಾನೊ ಕೊತ್ತಲದ ಬುಡಕ್ಕೆ ಹೋಗಿ. ಅಲ್ಲಿ ಗೋಡೆಯೊಳಗೇ ಒಂದು ಸುರಂಗ. ಹಿಂದೆ ಸೈನಿಕರು ಗುಟ್ಟಾಗಿ ಹೊರಗೆ ಹೋಗಲು ಮಾಡಿದ್ದು. ಒಳಗೆ ತಂಪು, ಅರೆಗತ್ತಲು, ಮಾತಾಡಿದರೆ ಮಾರ್ದನಿ. ಮೆಟ್ಟಿಲು ಹತ್ತಿ ಆಚೆ ಬಂದರೆ ಕೋಟೆಯ ತಲೆ ಮೇಲೆ ಇರುತ್ತೀರಿ. ನಮ್ಮ ಮಗ ಆ ಸುರಂಗದಲ್ಲಿ ಮೂರು ಸಲ ಹಿಂದಕ್ಕೂ ಮುಂದಕ್ಕೂ ಓಡಿದ. ಒಂದು ಊರಿಗೆ ಕಾಲಿಡಲು ಇದಕ್ಕಿಂತ ಒಳ್ಳೆಯ ಬಾಗಿಲು ಯಾವ ಮಗುವಿಗೆ ಬೇಕು?

ಎರಡನೇ ಹೆಜ್ಜೆ: ಕೋಟೆ ಸುತ್ತು

ಬೇರೆ ಏನು ನೋಡುವ ಮೊದಲೂ ಇದನ್ನೇ ಮಾಡಿ. ಮಕ್ಕಳಿಗೆ ಊರಿನ ಆಕಾರ ಒಂದು ಸಲ ತಲೆಗೆ ಹೋದರೆ ಆಮೇಲೆ ಅವರೇ ದಾರಿ ತೋರಿಸುತ್ತಾರೆ.

ಕೋಟೆಯ ಸುತ್ತಳತೆ 4.2 ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ. ಎತ್ತರ ಸುಮಾರು 12 ಮೀಟರ್. ಬುಡದಲ್ಲಿ ದಪ್ಪ ಸುಮಾರು 30 ಮೀಟರ್. ಅಂದರೆ ಇದನ್ನು ಗೋಡೆ ಅನ್ನುವುದಕ್ಕಿಂತ ಉದ್ದನೆಯ ಮಣ್ಣಿನ ಏರಿ, ಹೊರಗಡೆಗೆ ಇಟ್ಟಿಗೆ ಹೊದಿಕೆ ಅನ್ನಬಹುದು. ಫಿರಂಗಿ ಬಂದ ಮೇಲೆ ತೆಳ್ಳಗಿನ ಎತ್ತರದ ಗೋಡೆ ನಿಲ್ಲುವುದಿಲ್ಲ ಅಂತ ಗೊತ್ತಾಗಿ, ಹದಿನಾರನೇ ಶತಮಾನದಲ್ಲಿ ಕಟ್ಟಲು ಶುರುಮಾಡಿ, ಮುಗಿಸುವ ಹೊತ್ತಿಗೆ ಹದಿನೇಳನೇ ಶತಮಾನದ ಅರ್ಧ ಕಳೆದಿತ್ತು. ಗುಂಡು ಮಣ್ಣಿಗೆ ಹೂತುಹೋಗುತ್ತದೆ, ಗೋಡೆ ಕುಸಿಯುವುದಿಲ್ಲ. ಅಲ್ಲಲ್ಲಿ ಬಾಣದ ತುದಿಯ ಹಾಗೆ ಹೊರಚಾಚಿದ 11 ಕೊತ್ತಲಗಳಿವೆ. ಒಂದು ಕೊತ್ತಲದಲ್ಲಿ ನಿಂತರೆ ಪಕ್ಕದ ಕೊತ್ತಲದ ಗೋಡೆ ಪೂರ್ತಿ ಕಾಣುತ್ತದೆ. ಶತ್ರು ಎಲ್ಲಿ ಅಡಗಲು ಸಾಧ್ಯ ಅಂತ ಮಕ್ಕಳನ್ನು ಕೇಳಿ. ಹುಡುಕಲಿ. ಎಲ್ಲೂ ಇಲ್ಲ ಅಂತ ಅವರಿಗೇ ಗೊತ್ತಾಗುತ್ತದೆ.

ಇಷ್ಟೆಲ್ಲಾ ಕಟ್ಟಿದ ಮೇಲೆ ಯಾವ ಸೈನ್ಯವೂ ಈ ಕೋಟೆಗೆ ಮುತ್ತಿಗೆ ಹಾಕಲೇ ಇಲ್ಲ. ಊರನ್ನು ಇದು ಕಾಪಾಡಿದ್ದು ನೀರಿನಿಂದ. 1812ರ ನವೆಂಬರ್‌ನಲ್ಲಿ ಸೆರ್ಕಿಯೊ ನದಿ ಉಕ್ಕಿ ಬಂತು. ಬಾಗಿಲುಗಳನ್ನೆಲ್ಲಾ ಮುಚ್ಚಿ, ಸಂದು ತುಂಬಿ, ಊರಿನವರು ಒಳಗೆ ಕೂತರು. ಆಗ ಇಲ್ಲಿ ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲೀಸಾ. ಅವಳು ಊರ ಹೊರಗಿದ್ದಳಂತೆ. ಬಾಗಿಲು ತೆಗೆದರೆ ನೀರು ನುಗ್ಗುತ್ತದೆ, ಅದಕ್ಕೇ ಅವಳನ್ನು ರಾಟೆಗೆ ಕಟ್ಟಿ ಗೋಡೆ ಮೇಲಿಂದ ಎತ್ತಿ ಒಳಗೆ ತಂದರು ಅಂತ ಊರಿನವರು ಹೇಳುತ್ತಾರೆ. ಈ ಕಥೆಯನ್ನು ಗೋಡೆ ಮೇಲೆ ನಿಂತೇ ಹೇಳಿ. ನಮ್ಮ ಮಗಳು ಕೆಳಗೆ ಬಗ್ಗಿ ನೋಡಿ, "ರಾಣಿಗೆ ಹೆದರಿಕೆ ಆಗಲಿಲ್ವಾ?" ಅಂತ ಕೇಳಿದಳು.

ಬಗ್ಗಿ ನೋಡಿದ್ದು ಅಂದೆನಲ್ಲ, ಇಲ್ಲಿ ನಿಜವಾಗಿ ಎಚ್ಚರ ಬೇಕು. ಕೋಟೆಯ ಹೊರ ಅಂಚಿಗೆ ಬಹಳ ಕಡೆ ಕಂಬಿ ಇಲ್ಲ. ಹುಲ್ಲು ಸಪಾಟಾಗಿ ಹೋಗಿ ಒಮ್ಮೆಗೇ ಮುಗಿಯುತ್ತದೆ. ಮೇಲಿನಿಂದ ನೋಡಿದರೆ ಆಳ ಗೊತ್ತೇ ಆಗುವುದಿಲ್ಲ. ನಾವು ಒಂದೇ ನಿಯಮ ಮಾಡಿದ್ದೆವು: ಮರದ ಸಾಲು ದಾಟಿ ಹೊರ ಅಂಚಿನ ಕಡೆ ಹೋಗಬೇಕಾದರೆ ದೊಡ್ಡವರ ಕೈ ಹಿಡಿದೇ ಹೋಗಬೇಕು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಸೈಕಲ್ ಬಾಡಿಗೆ ಅಂಗಡಿಗಳು ಬಡಗಣದ ಸಾಂತಾ ಮರಿಯಾ ಚೌಕದಲ್ಲಿ ಸಾಲಾಗಿವೆ. ಬಾಡಿಗೆ ಗಂಟೆಯ ಲೆಕ್ಕ. ಮಕ್ಕಳ ಸೈಕಲ್, ಹಿಂದೆ ಮಗುವನ್ನು ಕೂರಿಸುವ ಸೀಟು, ಇಬ್ಬರು ತುಳಿಯುವ ಸೈಕಲ್, ಇಡೀ ಮನೆಯವರು ಕೂತು ತುಳಿಯುವ ನಾಲ್ಕು ಚಕ್ರದ ಗಾಡಿ, ಎಲ್ಲಾ ಸಿಗುತ್ತವೆ. ಗುರುತಿಗೆ ಏನಾದರೂ ಕೇಳಬಹುದು, ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೊಳ್ಳಿ. ಮಕ್ಕಳಿಗೆ ಹೆಲ್ಮೆಟ್ ಕೇಳಿ ಪಡೆಯಿರಿ, ಅವರಾಗಿ ಕೊಡದೆ ಇರಬಹುದು. ಅಂಗಡಿಯ ಮುಂದೆಯೇ ಬ್ರೇಕ್ ಹಿಡಿದು ನೋಡಿ, ಸೀಟಿನ ಎತ್ತರ ಸರಿಮಾಡಿಸಿ. ನಾವು ಅವಸರ ಮಾಡಿದೆವು. ಅರ್ಧ ಸುತ್ತಿನಲ್ಲಿ ಮಗಳ ಸೈಕಲ್ಲಿನ ಚೈನ್ ಕಳಚಿತು, ಎರಡು ಕಿಲೋಮೀಟರ್ ತಳ್ಳಿಕೊಂಡು ಬಂದೆವು.

ಸೈಕಲ್ಲಿನಲ್ಲಿ ನಿಲ್ಲದೆ ಸುತ್ತಿದರೆ ಅರ್ಧ ಗಂಟೆ ಸಾಕು. ಆದರೆ ನಿಲ್ಲದೆ ಸುತ್ತಬೇಡಿ. ಎರಡು ಗಂಟೆಗೆ ತಗೊಳ್ಳಿ. ಕೆಲವು ಕೊತ್ತಲಗಳಲ್ಲಿ ಮಕ್ಕಳ ಜಾರುಬಂಡೆ, ಉಯ್ಯಾಲೆ ಇವೆ. ದಾರಿಯುದ್ದಕ್ಕೂ ದೊಡ್ಡ ಮರಗಳ ನೆರಳು, ಬೆಂಚುಗಳು. ಒಳಗಡೆ ಬಗ್ಗಿದರೆ ಮನೆಗಳ ಹಿತ್ತಿಲು, ಒಣಗಿಹಾಕಿದ ಬಟ್ಟೆ, ನಿಂಬೆ ಗಿಡದ ಕುಂಡ ಕಾಣುತ್ತವೆ. ಅತ್ತೆ ಸೈಕಲ್ ಹತ್ತಲಿಲ್ಲ. ಬಾಗಿಲ ಪಕ್ಕದ ಇಳಿಜಾರಿನಲ್ಲಿ ಮೆಲ್ಲಗೆ ಮೇಲೆ ಬಂದು ಒಂದು ಬೆಂಚಿನಲ್ಲಿ ಕೂತರು. ಮಕ್ಕಳು ಪ್ರತಿ ಸುತ್ತಿಗೂ "ಅಜ್ಜೀ!" ಅಂತ ಕೂಗಿ ಮುಂದೆ ಹೋಗುತ್ತಿದ್ದರು. ಪಕ್ಕದಲ್ಲಿ ಕೂತ ಅಲ್ಲಿಯ ಅಜ್ಜಿಯೊಬ್ಬರೂ ಎರಡನೇ ಸುತ್ತಿನಿಂದ ಕೈ ಬೀಸತೊಡಗಿದರು. ತಳ್ಳುಗಾಡಿಯೂ ಈ ಇಳಿಜಾರುಗಳಲ್ಲಿ ಸುಲಭವಾಗಿ ಹತ್ತುತ್ತದೆ.

ಮೂರನೇ ಹೆಜ್ಜೆ: ಮರ ಬೆಳೆದ ಗೋಪುರ

ಕೋಟೆ ಮೇಲಿಂದ ಊರಿನ ಕಡೆ ನೋಡಿದಾಗ ಒಂದು ಕೆಂಪು ಗೋಪುರದ ನೆತ್ತಿಯಲ್ಲಿ ಮರಗಳು ಕಾಣುತ್ತವೆ. ಅದೇ ಗ್ವಿನೀಜಿ ಗೋಪುರ. ಹದಿನಾಲ್ಕನೇ ಶತಮಾನದಲ್ಲಿ ಗ್ವಿನೀಜಿ ಅನ್ನುವ ಸಾಹುಕಾರ ಮನೆತನದವರು ಕಟ್ಟಿಸಿದ್ದು. ಆ ಕಾಲದಲ್ಲಿ ಊರಲ್ಲಿ ನೂರಕ್ಕೂ ಹೆಚ್ಚು ಗೋಪುರ ಇದ್ದವಂತೆ. ಯಾರ ಗೋಪುರ ಎತ್ತರವೋ ಅವರೇ ದೊಡ್ಡವರು.

ಎತ್ತರ ಸುಮಾರು 45 ಮೀಟರ್, ಮೆಟ್ಟಿಲು 230ರ ಹತ್ತಿರ. ಐದು ವರ್ಷದ ಮಗು ಹತ್ತಬಹುದು, ನಡುನಡುವೆ ನಿಂತುಕೊಳ್ಳಲು ಜಾಗ ಇದೆ. ಕೊನೆಯ ಭಾಗ ಮಾತ್ರ ಇಕ್ಕಟ್ಟು. ಎಣಿಸುತ್ತಾ ಹತ್ತಲು ಹೇಳಿ. ನಮ್ಮ ಮಕ್ಕಳ ಲೆಕ್ಕ ಒಂದಕ್ಕೊಂದು ತಾಳೆ ಆಗಲಿಲ್ಲ. ಇಳಿಯುವಾಗ ಮತ್ತೆ ಎಣಿಸಿದರು. ತೋಳಲ್ಲಿ ಎತ್ತಿಕೊಳ್ಳುವ ಕೂಸಿದ್ದರೆ ಒಬ್ಬರು ಕೆಳಗೇ ಉಳಿಯುವುದು ಒಳ್ಳೆಯದು.

ಮೇಲೆ ಏಳು ಓಕ್ ಮರಗಳಿವೆ. ಎಲೆ ಉದುರದ ಜಾತಿಯವು. ಮರದ ನೆರಳಲ್ಲಿ ನಿಂತು ಊರಿನ ಹೆಂಚಿನ ಮಾಡುಗಳನ್ನು ನೋಡುವಾಗ, ಮರ ಇಲ್ಲಿಗೆ ಹತ್ತಿದ್ದು ಹೇಗೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ದೊಡ್ಡ ತೊಟ್ಟಿಯಂಥ ಪಾತಿಯಲ್ಲಿ ಮಣ್ಣು ತುಂಬಿ ಬೆಳೆಸಿದ್ದು. ಇಲ್ಲಿಂದ ಮಕ್ಕಳಿಗೆ ಒಂದು ಕೆಲಸ ಕೊಡಿ. ಕೆಳಗೆ ಮೊಟ್ಟೆಯಾಕಾರದಲ್ಲಿ ಸುತ್ತಿಕೊಂಡಿರುವ ಮನೆಗಳ ಬಳೆಯೊಂದಿದೆ, ಅದನ್ನು ಹುಡುಕಲಿ. ಅದೇ ನಾಳೆಯ ಜಾಗ.

ಬೆಳಿಗ್ಗೆ ತೆರೆದ ಕೂಡಲೇ ಹೋದರೆ ಸಾಲು ಕಡಿಮೆ. ಟಿಕೆಟ್ ತಗೊಳ್ಳುವಾಗ ಗಡಿಯಾರ ಗೋಪುರ, ಸಸ್ಯೋದ್ಯಾನಗಳಿಗೂ ಸೇರಿಸಿ ಒಂದೇ ಟಿಕೆಟ್ ಇದೆಯಾ ಕೇಳಿ, ಸ್ವಲ್ಪ ದುಡ್ಡು ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: ದೆವ್ವದ ಕಥೆಯ ಬೆನ್ನು ಹತ್ತಿ

ಎಂಟು ವರ್ಷ ದಾಟಿದ ಮಕ್ಕಳಿಗೆ ಇದನ್ನು ಬಿಡಬೇಡಿ.

ಲೂಚಿದಾ ಮಾನ್ಸಿ ಅಂತ ಒಬ್ಬ ಸಿರಿವಂತೆ ಇದ್ದಳು, ಹದಿನೇಳನೇ ಶತಮಾನದಲ್ಲಿ, ಅಂದರೆ 1600ರ ನಂತರ. ಚೆಲುವೆ. ಕನ್ನಡಿ ಬಿಟ್ಟಿರುತ್ತಿರಲಿಲ್ಲ. ಒಂದು ದಿನ ಮುಖದಲ್ಲಿ ಸುಕ್ಕು ಕಂಡು ಅಳುತ್ತಾ ಕೂತಳು. ಆಗ ಸೈತಾನ ಬಂದ. "ಮೂವತ್ತು ವರ್ಷ ನಿನ್ನ ಚೆಲುವು ಮಾಸದ ಹಾಗೆ ನೋಡಿಕೊಳ್ಳುತ್ತೇನೆ, ಆಮೇಲೆ ನಿನ್ನ ಆತ್ಮ ನನ್ನದು" ಅಂದ. ಅವಳು ಹೂಂ ಅಂದಳು. ಮೂವತ್ತು ವರ್ಷ ಮುಗಿಯುವ ರಾತ್ರಿ ಅವಳಿಗೆ ಒಂದು ಉಪಾಯ ಹೊಳೆಯಿತು. ಗಂಟೆ ಬಾರಿಸದಿದ್ದರೆ ಗಡುವು ಮುಗಿಯುವುದಿಲ್ಲ! ಗಡಿಯಾರ ಗೋಪುರದ ಮೆಟ್ಟಿಲು ಹತ್ತಿ ಓಡಿದಳು, ಗಂಟೆ ನಿಲ್ಲಿಸಲು. ತಲುಪಲಿಲ್ಲ. ಸೈತಾನ ಅವಳನ್ನು ಉರಿಯುವ ಸಾರೋಟಿನಲ್ಲಿ ಕೂರಿಸಿಕೊಂಡು ಕೋಟೆಯ ಮೇಲೆ ಸುತ್ತು ಹಾಕಿ, ಸಸ್ಯೋದ್ಯಾನದ ಕೊಳಕ್ಕೆ ಬಿಸಾಡಿದ. ಈಗಲೂ ಹುಣ್ಣಿಮೆ ರಾತ್ರಿ ಆ ನೀರಿನಲ್ಲಿ ಅವಳ ಮುಖ ಕಾಣುತ್ತದಂತೆ.

ಈ ಕಥೆಯನ್ನು ಹಿಂದಿನ ರಾತ್ರಿ ಮಲಗುವ ಮೊದಲು ಹೇಳಿ. ತೀರಾ ಹೆದರುವ ಮಗುವಾದರೆ ಬೆಳಿಗ್ಗೆ ಹೇಳಿ. ಆಮೇಲೆ ಅವಳ ದಾರಿಯಲ್ಲೇ ಹೋಗಿ. ಮೊದಲು ಗಡಿಯಾರ ಗೋಪುರ. ಮರದ ಮೆಟ್ಟಿಲು, 207. ಲೂಚಿದಾ ಓಡಿದ್ದು ಇಲ್ಲೇ ಅಂದರೆ ಮಕ್ಕಳೂ ಓಡಲು ಹೊರಡುತ್ತಾರೆ, ಹಿಡಿದುಕೊಳ್ಳಿ. ಮೇಲೆ ಕೈಯಿಂದ ಕೀಲಿ ಕೊಡುವ ಹಳೇ ಗಡಿಯಾರದ ಹಲ್ಲುಚಕ್ರಗಳು ಕಾಣುತ್ತವೆ. ಗಂಟೆ ಹೊಡೆಯುವ ಹೊತ್ತಿಗೆ ಅಲ್ಲಿದ್ದರೆ ಸದ್ದು ಜೋರು. ಚಿಕ್ಕವರ ಕಿವಿ ಮುಚ್ಚಿ. ಹಿಂದಿನ ದಿನ ಗ್ವಿನೀಜಿ ಹತ್ತಿ ಕಾಲು ಸೋತಿದ್ದರೆ ಗೋಪುರವನ್ನು ಕೆಳಗಿನಿಂದ ನೋಡಿದರೂ ಕಥೆಗೆ ಸಾಕು.

ಅಲ್ಲಿಂದ ಕೋಟೆ ಹತ್ತಿ ಸಾರೋಟು ಹೋದ ದಾರಿ ಹಿಡಿದು, ಆಗ್ನೇಯ ಮೂಲೆಯ ಸಸ್ಯೋದ್ಯಾನಕ್ಕೆ ಬನ್ನಿ. ಇಲ್ಲಿ ದೊಡ್ಡ ಲೆಬನಾನ್ ದೇವದಾರು ಇದೆ. ತಾವರೆ ಜಾತಿಯ ಎಲೆ ತೇಲುವ ಕೊಳ ಇದೆ. ಮಕ್ಕಳು ಎಷ್ಟೋ ಹೊತ್ತು ನೀರನ್ನೇ ನೋಡುತ್ತಾ ನಿಂತರು. ಆಗ ಮಗಳು ಬಾಗಿಲಲ್ಲಿ ಓದಿದ್ದನ್ನು ನೆನಪಿಸಿಕೊಂಡಳು. "ಅಮ್ಮಾ, ತೋಟ ಮಾಡಿದ್ದು 1820ರಲ್ಲಿ. ಲೂಚಿದಾ 1600ರವಳು. ಹಾಗಾದರೆ ಕೊಳ ಎಲ್ಲಿತ್ತು?" ನಾನು ಉತ್ತರ ಕೊಡಲು ಹೋಗಲಿಲ್ಲ. ಊಟ ಆಗುವ ತನಕ ಅಕ್ಕ ತಮ್ಮನ ಜಗಳ ಮರೆತು ಇಬ್ಬರೂ ಅದನ್ನೇ ಚರ್ಚೆ ಮಾಡಿದರು. ಇತಿಹಾಸ ಅಂದರೆ ಇದೇ ಥರದ ಪ್ರಶ್ನೆ ತಾನೇ?

ಐದನೇ ಹೆಜ್ಜೆ: ಚರ್ಚು, ಆದರೆ ಹುಡುಕಾಟದ ಹಾಗೆ

ದಿನಕ್ಕೆ ಒಂದೇ ಚರ್ಚು. ಹೆಚ್ಚೆಂದರೆ ಎರಡು. ಒಳಗೆ ಹೋಗುವ ಮೊದಲು ಏನು ಹುಡುಕಬೇಕು ಅಂತ ಹೇಳಿಬಿಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಒಂದು ದುಪಟ್ಟಾ ಚೀಲದಲ್ಲಿದ್ದರೆ ಎಲ್ಲರಿಗೂ ಆಗುತ್ತದೆ.

ಆಯ್ಕೆ ಮಾಡಬೇಕಾದರೆ ಸಾನ್ ಮಾರ್ತೀನೊ, ಅಂದರೆ ಊರಿನ ದೊಡ್ಡ ಚರ್ಚನ್ನೇ ಮಾಡಿ. ಅದರ ಆಟವೆಲ್ಲಾ ಹೊರಗಡೆಯೇ ಶುರುವಾಗುತ್ತದೆ, ಟಿಕೆಟ್ಟೂ ಬೇಡ. ಮೊದಲ ಪ್ರಶ್ನೆ: ಮುಂದಿನ ಮೂರು ಕಮಾನುಗಳಲ್ಲಿ ಒಂದು ಚಿಕ್ಕದು, ಯಾವುದು, ಯಾಕೆ? ಬಲಗಡೆಯದು. ಅಲ್ಲಿ ಗಂಟೆಯ ಗೋಪುರ ಮೊದಲೇ ನಿಂತಿತ್ತು, ಜಾಗ ಸಾಲಲಿಲ್ಲ. ಎರಡನೇ ಪ್ರಶ್ನೆ: ಮೇಲಿನ ಸಾಲಿನ ಕಂಬಗಳಲ್ಲಿ ಒಂದೇ ಥರದ್ದು ಎರಡು ಸಿಗುತ್ತವಾ? ಇದಕ್ಕೂ ಊರಿನಲ್ಲಿ ಕಥೆ ಇದೆ. ಚೆನ್ನಾದ ಕಂಬ ಕೆತ್ತಿದವರಿಗೆ ಕೆಲಸ ಅಂತ ಶಿಲ್ಪಿಗಳಿಗೆ ಹೇಳಿದರಂತೆ. ಎಲ್ಲರೂ ಒಂದೊಂದು ಮಾದರಿ ಕೆತ್ತಿ ತಂದರಂತೆ. ಊರಿನವರು ಯಾರಿಗೂ ಕೆಲಸ ಕೊಡದೆ ಎಲ್ಲಾ ಕಂಬಗಳನ್ನೂ ಇಟ್ಟುಕೊಂಡರಂತೆ! ಮಕ್ಕಳು "ಇದು ಮೋಸ" ಅಂತ ಒಂದೇ ದನಿಯಲ್ಲಿ ಹೇಳುತ್ತಾರೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಮುಂದಿನ ಮೊಗಸಾಲೆಯ ಬಲಗಡೆಯ ಕಂಬದಲ್ಲಿ, ಕೈಗೆಟಕುವ ಎತ್ತರದಲ್ಲಿ, ಊಟದ ತಟ್ಟೆಗಿಂತ ದೊಡ್ಡದಾದ ಚಕ್ರವ್ಯೂಹ ಕೆತ್ತಿದ್ದಾರೆ. ಪಕ್ಕದಲ್ಲಿ ಲ್ಯಾಟಿನ್ ಸಾಲುಗಳು: ಇದು ಗ್ರೀಕ್ ಪುರಾಣದ ಡೆಡಾಲಸ್ ಕಟ್ಟಿದ ವ್ಯೂಹ, ಒಳಹೊಕ್ಕವರಲ್ಲಿ ಹೊರಬಂದವನು ಥೀಸಿಯಸ್ ಒಬ್ಬನೇ, ಅದೂ ಅರಿಯಾಡ್ನೆ ಕೊಟ್ಟ ನೂಲಿನಿಂದ ಅಂತ. ನಡುವೆ ಇದ್ದ ಚಿತ್ರ ನೂರಾರು ವರ್ಷ ಜನ ಬೆರಳಾಡಿಸಿ ಸವೆದು ಹೋಗಿದೆ ಅನ್ನುತ್ತಾರೆ. ನಮ್ಮ ಮಕ್ಕಳಿಗೆ ಅಭಿಮನ್ಯು ಗೊತ್ತು. ಹಳೇಬೀಡಿನ ಗೋಡೆಯಲ್ಲಿ ಚಕ್ರವ್ಯೂಹ ನೋಡಿದ್ದರು. "ಅಭಿಮನ್ಯುಗೆ ಯಾರೂ ನೂಲು ಕೊಡಲಿಲ್ಲ" ಅಂದ ಮಗ. ಅತ್ತೆ ಅವನ ತಲೆ ಸವರಿದರು. ನಾಳೆ ಶಾಲೆಯಲ್ಲಿ ಇಟಲಿ ಬಗ್ಗೆ ಏನು ಕೇಳಿದರೂ ಅವನು ಇದೊಂದನ್ನು ಮರೆಯುವುದಿಲ್ಲ ಅಂತ ಆಗಲೇ ಅನ್ನಿಸಿತು. ಕೆತ್ತನೆ ಹಳೆಯದು, ಬೆರಳಾಡಿಸುವುದರ ಬದಲು ಚೂರು ದೂರದಿಂದ ಗಾಳಿಯಲ್ಲೇ ದಾರಿ ಬಿಡಿಸಲು ಹೇಳಿ. ಕಾಗದದಲ್ಲಿ ನಕಲು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಒಳಗೆ ಹೋದರೆ ಇಲಾರಿಯಾಳ ಗೋರಿ ನೋಡಿ. ಅದಕ್ಕೆ ಟಿಕೆಟ್ ಇದೆ. ಗ್ವಿನೀಜಿ ಮನೆತನದ ಪಾವೊಲೊನ ಹೆಂಡತಿ, 1405ರಲ್ಲಿ ತೀರಿಕೊಂಡಳು. ಯಾಕೊಪೊ ದೆಲ್ಲಾ ಕ್ವೆರ್ಚಾ ಅನ್ನುವ ಶಿಲ್ಪಿ ಅವಳು ಮಲಗಿರುವ ಹಾಗೆ ಅಮೃತಶಿಲೆಯಲ್ಲಿ ಕಡೆದಿದ್ದಾನೆ. ಕಾಲ ಬಳಿ ಪುಟ್ಟ ನಾಯಿ, ಒಡತಿಯ ಮುಖವನ್ನೇ ನೋಡುತ್ತಾ ಕೂತಿದೆ. ಮಕ್ಕಳು ನಾಯಿಯಿಂದ ಶುರುಮಾಡಿ ಅವಳ ಮುಖದವರೆಗೆ ತಾವೇ ಹೋಗುತ್ತಾರೆ.

ಇನ್ನೊಂದು ಚರ್ಚಿಗೆ ಶಕ್ತಿ ಇದ್ದರೆ ಸಾನ್ ಮಿಕೇಲೆ. ಇದನ್ನು ಎದುರಿನಿಂದ ನೋಡಿ, ಆಮೇಲೆ ಪಕ್ಕಕ್ಕೆ ಹೋಗಿ ನೋಡಿ. ಮುಂದಿನ ಗೋಡೆ ಹಿಂದಿನ ಕಟ್ಟಡಕ್ಕಿಂತ ಎಷ್ಟೋ ಎತ್ತರ, ಬರೀ ಗಾಳಿಯಲ್ಲಿ ನಿಂತಿದೆ. ತುದಿಯಲ್ಲಿ ರೆಕ್ಕೆ ಬಿಚ್ಚಿದ ದೇವದೂತ.

ಆರನೇ ಹೆಜ್ಜೆ: ಬಯಲು, ಊಟ, ನಿದ್ದೆ

ಗೋಪುರದಿಂದ ಕಂಡ ಮನೆಗಳ ಬಳೆಯೇ ಆನ್ಫಿತಿಯಾತ್ರೊ ಚೌಕ. ರೋಮನ್ನರ ಕಾಲದಲ್ಲಿ ಇಲ್ಲಿ ಸುಮಾರು 10,000 ಜನ ಕೂತು ಕಾದಾಟ ನೋಡುವ ಬಯಲು ರಂಗ ಇತ್ತು. ಅದು ಪಾಳುಬಿದ್ದ ಮೇಲೆ ಅದೇ ಗೋಡೆಗಳಿಗೆ ಆತು ಜನ ಮನೆ ಕಟ್ಟಿದರು. ರಂಗ ಹೋಯಿತು, ಆಕಾರ ಉಳಿಯಿತು. ಹೊರಗಡೆಯ ಬೀದಿಯಲ್ಲಿ ಒಂದು ಸುತ್ತು ಬಂದರೆ ಮನೆಗಳ ಗೋಡೆಯೊಳಗೆ ಹೂತ ಹಳೇ ಕಮಾನುಗಳು ಕಾಣುತ್ತವೆ. ಎಷ್ಟು ಸಿಗುತ್ತವೆ ಎಣಿಸಲಿ. ಚೌಕದೊಳಗೆ ಗಾಡಿ ಇಲ್ಲ, ಮಕ್ಕಳು ಓಡಲಿ, ಅಲ್ಲಿಯ ಮಕ್ಕಳು ಸಂಜೆ ಚೆಂಡು ತಂದಿರುತ್ತಾರೆ. ಭಾಷೆ ಬೇಡ. ಕೂರಲು ಹೋಟೆಲ್ ಟೇಬಲ್ಲುಗಳಿವೆ, ಆದರೆ ಇಲ್ಲಿ ದರ ಜಾಸ್ತಿ. ಊಟ ಎರಡು ಬೀದಿ ಆಚೆ ಮಾಡಿ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸಸ್ಯಾಹಾರಿಗಳಿಗೆ ಇಲ್ಲಿ ಸಿಗುವ ಒಳ್ಳೆಯ ತಿಂಡಿ ಚೆಚೀನಾ. ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ದುಂಡು ತಟ್ಟೆಯಲ್ಲಿ ಹೊಯ್ದು ಒಲೆಯಲ್ಲಿ ಬೇಯಿಸುತ್ತಾರೆ. ಕಡಲೆ ಹಿಟ್ಟಿನ ದೋಸೆ ದಪ್ಪಗೆ, ಒಳಗೆ ಮೆತ್ತಗೆ ಇದ್ದ ಹಾಗೆ. ಮೊಟ್ಟೆ, ಹಾಲು ಯಾವುದೂ ಇಲ್ಲ. ಪಿಜ್ಜಾ ಅಂಗಡಿಗಳಲ್ಲಿ ತುಂಡು ಮಾಡಿ ಕಾಗದದಲ್ಲಿ ಕೊಡುತ್ತಾರೆ. ಅತ್ತೆ ಮೂರು ದಿನವೂ ಅದನ್ನೇ ಕೇಳಿ ತಿಂದರು, ಮೇಲೆ ಕರಿಮೆಣಸಿನ ಪುಡಿ ಉದುರಿಸಿಕೊಂಡು. ಬುಚ್ಚೆಲ್ಲಾತೊ ಅನ್ನುವುದು ಒಣದ್ರಾಕ್ಷಿ, ಸೋಂಪಿನಂಥ ಕಾಳು ಹಾಕಿದ ಸಿಹಿ ಬ್ರೆಡ್. ಲುಕ್ಕಾದ್ದೇ ವಿಶೇಷ. ಬೆಳಿಗ್ಗೆ ಹಾಲಿನ ಜೊತೆ ಮಕ್ಕಳಿಗೆ ಹಿಡಿಸುತ್ತದೆ. ಮೊಟ್ಟೆ ತಿನ್ನದವರು ಕೇಳಿ ತಗೊಳ್ಳಿ.

ಫಾರ್ರೊ ಅನ್ನುವ ಗೋಧಿ ಜಾತಿಯ ಕಾಳಿನ ಸೂಪ್ ಕೂಡ ಇಲ್ಲಿಯ ಹೆಸರಾದ ಅಡುಗೆ. ನೋಡಲು ಬರೀ ಕಾಳು, ತರಕಾರಿ. ಆದರೆ ಒಗ್ಗರಣೆಗೆ ಹಂದಿ ಮಾಂಸ ಹಾಕುವುದುಂಟು. ಒಂದು ಕಡೆ ನಮಗೆ ಬಟ್ಟಲು ಮುಂದೆ ಬಂದ ಮೇಲೆ ಗೊತ್ತಾಯಿತು. ತೊರ್ದೆಲ್ಲಿ ಅನ್ನುವ ಕಡುಬಿನಂಥದ್ದರಲ್ಲೂ ಮಾಂಸದ ಹೂರಣ ಇರುತ್ತದೆ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಪ್ರೊಶುತ್ತೊ" ಅನ್ನಿ. ಮಾಂಸ, ಮೀನು, ಹಂದಿ ಮಾಂಸ ಬೇಡ ಅಂತ. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಅವರು ಹೇಳಿದರೆ ಬಡಿಸುವವರು ನಗುತ್ತಾ ಎರಡು ಸಲ ಅಡುಗೆಮನೆಗೆ ಹೋಗಿ ಕೇಳಿಬರುತ್ತಾರೆ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಪಾರ್ಮೆಜಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ.

ಮಧ್ಯಾಹ್ನದ ಊಟ ಸುಮಾರು ಹನ್ನೆರಡೂವರೆಯಿಂದ ಎರಡೂವರೆ. ಆಮೇಲೆ ಅಡುಗೆಮನೆ ಮುಚ್ಚುತ್ತಾರೆ. ರಾತ್ರಿ ಏಳು ಏಳೂವರೆಗೆ ಮೊದಲು ತೆರೆಯುವುದಿಲ್ಲ. ನಮ್ಮ ಮಕ್ಕಳಿಗೆ ಆರಕ್ಕೇ ಹಸಿವು. ಅಡುಗೆಮನೆ ಇರುವ ಮನೆ ಹಿಡಿಯಿರಿ ಅಂದದ್ದು ಇದಕ್ಕೇ. ಅಂಗಡಿಯಲ್ಲಿ ಸಿಹಿ ಹಾಕದ ಬಿಳಿ ಮೊಸರು ಸಿಗುತ್ತದೆ. ರಿಸೊಟ್ಟೊಗೆ ಬಳಸುವ ದುಂಡು ಅಕ್ಕಿ ಮೆತ್ತಗೆ ಬೇಯುತ್ತದೆ, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮನೆಯಿಂದ ಒಂದು ಡಬ್ಬಿ ಉಪ್ಪಿನಕಾಯಿ, ಸ್ವಲ್ಪ ಚಟ್ನಿಪುಡಿ ಒಯ್ದರೆ ಸಾಕು. ಹೋಟೆಲ್ ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಇಷ್ಟು ಸೇರಿಸಿರುತ್ತಾರೆ. ಕೂತು ಉಂಡದ್ದಕ್ಕೆ ಶುಲ್ಕ ಅದು, ಮೋಸ ಅಲ್ಲ.

ಕುಡಿಯುವ ನೀರಿಗೆ ಬೀದಿಗಳಲ್ಲಿ ಕಾರಂಜಿಗಳಿವೆ, ಬಾಟಲಿ ತುಂಬಿಸಿಕೊಳ್ಳಿ. ಹತ್ತೊಂಬತ್ತನೇ ಶತಮಾನದಲ್ಲಿ ನೊತ್ತೊಲೀನಿ ಅನ್ನುವ ವಾಸ್ತುಶಿಲ್ಪಿ ನಾನೂರಕ್ಕೂ ಹೆಚ್ಚು ಕಮಾನುಗಳ ಮೇಲೆ ಬೆಟ್ಟದಿಂದ ಊರಿಗೆ ನೀರು ತಂದ. ಆ ಕಮಾನುಗಳು ಊರ ಹೊರಗೆ ಈಗಲೂ ನಿಂತಿವೆ. ಶೌಚಾಲಯಕ್ಕೆ ಯಾವುದಾದರೂ ಕಾಫಿ ಬಾರ್‌ಗೆ ಹೋಗಿ ಒಂದು ಕಾಫಿ ತಗೊಂಡು "ಬಾನ್ಯೊ?" ಅಂತ ಕೇಳಿ.

ಎರಡರಿಂದ ನಾಲ್ಕರ ತನಕ ಮನೆಯಲ್ಲೇ ಇರಿ. ಆ ಹೊತ್ತಿಗೆ ಅಂಗಡಿಗಳೂ ಎಷ್ಟೋ ಮುಚ್ಚಿರುತ್ತವೆ. ಮಕ್ಕಳು ಮಲಗಲಿ, ಇಲ್ಲವೇ ಚಿತ್ರ ಬಿಡಿಸಲಿ. ಸಂಜೆ ಊರೇ ಬೀದಿಗೆ ಬರುವ ಹೊತ್ತಿಗೆ ಮಕ್ಕಳು ಚುರುಕಾಗಿರುತ್ತಾರೆ. ಆಗ ಐಸ್‌ಕ್ರೀಂ. ಇಲ್ಲಿ ಜೆಲಾತೊ ಅನ್ನುತ್ತಾರೆ. ಪಿಸ್ತಾದ್ದು ಕಡು ಹಸಿರಿಗಿಂತ ಮಾಸಲು ಬಣ್ಣ ಇದ್ದರೆ ಅದೇ ಒಳ್ಳೆಯ ಅಂಗಡಿಯ ಗುರುತು.

ಮೂರನೇ ದಿನ ಇದ್ದರೆ

ಎಂಟಕ್ಕಿಂತ ಚಿಕ್ಕವರಿದ್ದರೆ ಕೊಲ್ಲೋದಿ. ಲುಕ್ಕಾದಿಂದ ಸುಮಾರು 15 ಕಿಲೋಮೀಟರ್, ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಹಳ್ಳಿ. ಪಿನೋಕಿಯೊ ಕಥೆ ಬರೆದ ಕಾರ್ಲೊ ಲೊರೆಂಜೀನಿಯ ತಾಯಿಯ ಊರು ಇದು. ಅದೇ ಹೆಸರನ್ನು ಅವರು ತಮ್ಮ ಕಾವ್ಯನಾಮ ಮಾಡಿಕೊಂಡರು. ಇಲ್ಲಿ 1956ರಲ್ಲಿ ತೆರೆದ ಪಿನೋಕಿಯೊ ಉದ್ಯಾನ ಇದೆ. ದೊಡ್ಡ ದೊಡ್ಡ ಯಂತ್ರದ ಆಟಗಳ ಪಾರ್ಕ್ ಅಂತ ಎಣಿಸಿ ಹೋಗಬೇಡಿ. ಗಿಡಗಳ ನಡುವೆ ಕಥೆಯ ಒಂದೊಂದು ಪಾತ್ರ ಪ್ರತಿಮೆಯಾಗಿ ಎದುರಾಗುತ್ತದೆ, ನೀರಿನ ನಡುವೆ ಬಾಯಿ ತೆರೆದ ದೊಡ್ಡ ಮೀನು ಇದೆ. ಕಥೆ ಮೊದಲೇ ಓದಿ ಹೇಳಿದ್ದರೆ ಮಾತ್ರ ಇದರ ಸೊಗಸು. ಬಸ್ಸು ಕಡಿಮೆ, ವಾಪಸ್ ಬರುವ ಬಸ್ಸಿನ ಸಮಯವನ್ನು ಹೋಗುವ ಮೊದಲೇ ನೋಡಿಕೊಳ್ಳಿ.

ದೊಡ್ಡ ಮಕ್ಕಳಿಗೆ ಬೋರ್ಗೊ ಅ ಮೊತ್ಸಾನೊದ ಸೈತಾನನ ಸೇತುವೆ. ಸೆರ್ಕಿಯೊ ನದಿಯ ಮೇಲೆ ಒಂಟೆಯ ಬೆನ್ನಿನ ಹಾಗೆ ಎದ್ದ ಕಲ್ಲಿನ ಕಮಾನು. ರೈಲು ಹೋಗುತ್ತದೆ, ನಿಲ್ದಾಣದಿಂದ ಸ್ವಲ್ಪ ನಡಿಗೆ. ಸೇತುವೆ ಕಟ್ಟಿಕೊಟ್ಟ ಸೈತಾನ ಮೊದಲು ದಾಟುವವರ ಆತ್ಮ ಕೇಳಿದನಂತೆ, ಊರಿನವರು ಒಂದು ನಾಯಿಯನ್ನು ದಾಟಿಸಿ ಅವನನ್ನು ಏಮಾರಿಸಿದರಂತೆ. ಪೀಸಾದ ವಾಲುಗೋಪುರ ಹತ್ತುವ ಆಸೆ ಇದ್ದರೆ ನೆನಪಿರಲಿ, ಎಂಟು ವರ್ಷದೊಳಗಿನ ಮಕ್ಕಳನ್ನು ಮೇಲೆ ಬಿಡುವುದಿಲ್ಲ. ನಮ್ಮ ಮಗನಿಗೆ ಈ ವಿಷಯ ಗೋಪುರದ ಮುಂದೆ ನಿಂತು ಹೇಳಬೇಕಾಗಿ ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿಯೇ ನಾವು ಸೇತುವೆಗೆ ಹೋದೆವು.

ಹೊರಡುವ ದಿನ ರೈಲನ್ನು ಹನ್ನೊಂದರ ಮೇಲೆ ಇಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಕೋಟೆ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ, ಊರಿನವರು ನಾಯಿ ಹಿಡಿದು, ಓಡುತ್ತಾ ಸುತ್ತು ಹಾಕುತ್ತಿರುತ್ತಾರೆ. ಮಕ್ಕಳ ಕೈಗೆ ನಕ್ಷೆ ಕೊಡದೆ ಮುಂದೆ ನಡೆಯಲು ಬಿಡಿ. ನಮ್ಮವರು ಒಂದು ತಿರುವೂ ತಪ್ಪದೆ ಮೊದಲ ದಿನದ ಸುರಂಗದ ಬಾಯಿಗೇ ನಮ್ಮನ್ನು ಕರೆದುಕೊಂಡು ಬಂದರು. ಆ ಹೊತ್ತಿಗೆ ಸೂಟ್‌ಕೇಸ್ ತಗೊಂಡು ಅಪ್ಪ ಸಾನ್ ಪಿಯೆತ್ರೊ ಬಾಗಿಲಿನಿಂದ ಬರುವ ಹಾಗೆ ಮಾಡಿಕೊಂಡಿದ್ದೆವು. ನೀವೂ ಹಾಗೇ ಮಾಡಿ. ಯಾರು ಮೊದಲು ನಿಲ್ದಾಣ ಮುಟ್ಟುತ್ತಾರೋ ನೋಡೋಣ ಅಂದರೆ, ಸುರಂಗದ ದಾರಿಯವರು ಗೆಲ್ಲುತ್ತಾರೆ.